ಬೋಣಿಗಿ ಬೆಲೆ ಮತ್ತು ಬೋನಾಳದ ಬದನೆಕಾಯಿ

ಮುಖ ನೋಡಿ ಗುರುತು ಹಿಡಿಯುವವರನ್ನು ಕಂಡಿದ್ದೇನೆ. ದನಿ ಕೇಳಿ ಹಿಡಿಯುವವರನ್ನೂ ಕಂಡಿದ್ದೇನೆ. ಹದಿನೈದು ದಿನದ ಹಿಂದೆ ಸುರಪುರ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳು ನನ್ನ ಚೀಲ ನೋಡಿ ನನ್ನನ್ನು ಹಿಡಿದಳು.

ಹಿಡಿದಳು ಅಂದರೆ ಖರೇನೇ ಹಿಡಿದಳು. ಚೀಲದ ಒಂದು ಹಿಡಿಕೆ ನನ್ನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ.

(ಚೀಲದ್ದು ಒಂದು ಮಾತು ಹೇಳಿಬಿಡುತ್ತೇನೆ. ಗೊಬ್ಬರದ ಚೀಲ ಕತ್ತರಿಸಿ ನಾನೇ ಹೊಲಿದದ್ದು. ಹಿಡಿಕೆಗೆ ಹಳೇ ಕೆಂಪು ಸೀರೆಯ ಅಂಚು. ವರ್ಷಗಟ್ಟಲೆ ಆಯಿತು, ಒಂದು ಎಳೆ ಬಿಚ್ಚಿಲ್ಲ. ಸೊಸೆಗೆ ಇದರ ಜೊತೆ ಬಜಾರಕ್ಕೆ ಬರಲು ನಾಚಿಕೆ. ನಾಚಿಕೊಳ್ಳಲಿ, ಅದಕ್ಕೇನು ಖರ್ಚಿಲ್ಲ.)

"ಯಮ್ಮಾ, ಈ ಚೀಲ ನಿಂದೇನು?" ಅಂದಳು.

"ನಂದಲ್ದ ನಿಮ್ಮಪ್ಪಂದೇನು? ಬಿಡು ಕೈ."

"ಶಹಾಪುರದಾಗ ಬದನಿಕಾಯಿ ಕಿಲೋ ಇಪ್ಪತ್ತು ಅಂತ ಫೋನಿನ್ಯಾಗ ಹಾಕಾಕಿ ನೀನ ಏನು?"

ನನಗೆ ಒಳಗೊಳಗೇ ಖುಷಿ. ನೋಡ್ರಿ, ನಮ್ಮ ಹೆಸರು ಸುರಪುರದ ತನಕ ಬಂದಿದೆ! "ಹೌದವಾ, ನಾನ," ಅಂದೆ. ಸೆರಗು ಸರಿ ಮಾಡಿಕೊಂಡೇ ಅಂದೆ.

"ನಿನ್ನ ಫೋನಿಗೆ ಬೆಂಕಿ ಹಚ್ಚಲಿ!" ಅಂದಳು.

ಖುಷಿ ಅಲ್ಲಿಗೆ ಮುಗಿಯಿತು.

ಇದು ಎಲ್ಲಿಂದ ಶುರುವಾಯಿತು ಅಂತ ಮೊದಲು ಹೇಳುತ್ತೇನೆ. ಹೋದ ವರ್ಷ ನಮ್ಮ ಜಿಲ್ಲೆಯಲ್ಲಿ ಫೋನಿನ ಆ್ಯಪಿನಲ್ಲಿ ಬಜಾರದ ಬೆಲೆ ಹಾಕುವ ಒಂದು ಕೆಲಸ ಶುರು ಮಾಡಿದರು. ಯಾರು ಬೇಕಾದರೂ ಸೇರಬಹುದು. ಬಜಾರಕ್ಕೆ ಹೋಗಬೇಕು, ತಾನು ಕೊಂಡ ಕಾಯಿಪಲ್ಲೆ, ಬೇಳೆ, ಜೋಳದ ಬೆಲೆಯನ್ನು ಫೋನಿನಲ್ಲಿ ಒತ್ತಬೇಕು, ರಾಶಿಯದ್ದೊಂದು ಫೋಟೋ ಹಾಕಬೇಕು. ಇಷ್ಟೇ. ಯಾದಗಿರಿಯವರು ಯಾದಗಿರಿಯದ್ದು, ಸುರಪುರದವರು ಸುರಪುರದ್ದು, ನಾವು ಶಹಾಪುರದ್ದು. ಯಾರ ಊರಿನಲ್ಲಿ ಏನು ರೇಟು ಅಂತ ಎಲ್ಲರಿಗೂ ಕಾಣುತ್ತದೆ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಅಕ್ಷರ ತಡವರಿಸುತ್ತೇನೆ, ಅಂಕಿ ತಡವರಿಸುವುದಿಲ್ಲ. ಬೆಲೆ ಒತ್ತಲಿಕ್ಕೆ ಅಕ್ಷರ ಯಾಕೆ ಬೇಕು?

ಆದರೆ ನಾನು ಫೋಟೋ ಹೊಡೆದಾಗೆಲ್ಲ ರಾಶಿಯ ಪಕ್ಕದಲ್ಲಿ ಈ ಕೆಂಪು ಅಂಚಿನ ಚೀಲವೂ ಕೂತಿರುತ್ತಿತ್ತು. ಅದು ನನಗೆ ಗೊತ್ತೇ ಇರಲಿಲ್ಲ.

ಚೀಲ ಹಿಡಿದವಳ ಹೆಸರು ದ್ಯಾವಮ್ಮ. ಬೋನಾಳದವಳು. ಪಕ್ಷಿ ನೋಡಲು ಮಂದಿ ಹೋಗುತ್ತಾರಲ್ಲ, ಆ ಕೆರೆಯ ಪಕ್ಕದಲ್ಲಿ ಅವಳ ಮನೆಯವರದ್ದು ಒಂದು ತುಂಡು ಹೊಲ. ಕೆಳಗೆ ಅವಳ ಬುಟ್ಟಿ ಇತ್ತು. ಬುಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬದನೆಕಾಯಿ ಮಾರದೇ ಉಳಿದು, ಬಿಸಿಲಿಗೆ ಮುದುಕಿಯರ ಕೆನ್ನೆ ಹಾಗೆ ಆಗಿದ್ದವು. (ಮುದುಕಿ ನಾನೇ ಹೇಳುತ್ತಿದ್ದೇನೆ, ಯಾರೂ ಸಿಟ್ಟಾಗಬೇಡಿ.)

"ದಿನಾ ಸಂಜಿಗೆ ನಾ ಫೋನ್ ನೋಡ್ತೀನಿ," ಅಂದಳು ದ್ಯಾವಮ್ಮ. "ಎಲ್ಲಿ ರೇಟ್ ಚಲೋ ಅದ, ಮರದಿನ ಆ ಕಡಿ ಬಸ್ ಹತ್ತತೀನಿ. ಸುರಪುರ ಅಂದ್ರ ಸನೇಕ. ಶಹಾಪುರ ಅಂದ್ರ ದೂರ. ಹೆಣ್ಣಮಕ್ಕಳಿಗೆ ಬಸ್ ಫ್ರೀ, ಬುಟ್ಟಿಗೇನ ಫ್ರೀ ಅದ? ರೇಟ್ ಇದ್ರ ಹೋಗಬೇಕು, ಇಲ್ಲಂದ್ರ ಹೋಗಬಾರದು. ನೀ ಮೂರು ವಾರದಿಂದ ಇಪ್ಪತ್ತು, ಇಪ್ಪತ್ತು, ಇಪ್ಪತ್ತು ಅಂತ ಹಾಕಾಕತ್ತೀದಿ. ಅದಕ್ಕ ನಾ ಸುರಪುರದಾಗ ಕುಂತೀನಿ. ಇಲ್ಲಿ ನಮ್ಮೂರವರ ಎಲ್ಲಾರೂ ಬದನಿಕಾಯಿ ತಂದು ಕುಂದರ್ತಾರ. ಕೇಳೋರಿಲ್ಲ."

"ಅದಕ್ಕ ನಾ ಏನ ಮಾಡ್ಲಿ?"

"ಮೊನ್ನಿ ನಮ್ಮ ಓಣ್ಯಾಕಿ ಒಬ್ಬಾಕಿ ಬ್ಯಾರೆ ಕೆಲಸಕ್ಕ ಶಹಾಪುರಕ್ಕ ಹೋದಾಕಿ ಜೋಡಿ ಒಂದು ಬುಟ್ಟಿ ಒಯ್ದಿದ್ಲು. ನಲವತ್ತಕ್ಕ ಮಾರಿ ಬಂದಾಳ! ನಲವತ್ತು! ನೀ ಸುಳ್ಳು ಹಾಕೀದಿ."

ಸುಳ್ಳು ಅಂದರೆ ನನಗೆ ಸಿಟ್ಟು ಬರುತ್ತದೆ. "ಸುಳ್ಳಲ್ಲ. ನಾ ಇಪ್ಪತ್ತಕ್ಕ ತಂದೀನಿ. ಬೇಕಾದ್ರ ಕಾಯಿಪಲ್ಲೆ ಮಾರೋ ಮೌಲಾಸಾಬನ್ನ ಕೇಳು. ದಿನಾ ಅವನ ಹಂತ್ಯಾಕೇ ಕೊಳ್ಳೋದು."

"ಎಷ್ಟೊತ್ತಿಗೆ ತಂದಿ?"

"ಮುಂಜಾನಿ ಆರೂವರಿಗೆ. ಅವನ ಬೋಣಿಗಿ ನಂದ."

ದ್ಯಾವಮ್ಮ ಚೀಲ ಬಿಟ್ಟಳು. ಹಣೆಗೆ ಕೈ ಹಚ್ಚಿಕೊಂಡಳು. "ಅಯ್ಯ ನನ ಶಿವನ! ಬೋಣಿಗಿ ಬೆಲಿ ಹಾಕ್ತಾರೇನ ಆಯಿ, ಯಾರಾರ?"

ಅಲ್ಲಿ ಕೂತಿದ್ದವರೆಲ್ಲ ನಕ್ಕರು. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುತ್ಯಾ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ನಾನು ಒಬ್ಬಳೇ ನಗಲಿಲ್ಲ.

ಬೋಣಿಗಿ ಅಂದರೆ ದಿನದ ಮೊದಲ ವ್ಯಾಪಾರ. ಮೊದಲ ಗಿರಾಕಿ ಬರಿಗೈಲಿ ಹೋದರೆ ಆ ದಿನವೆಲ್ಲ ಕೆಟ್ಟಿತು ಅಂತ ಮಾರುವವರ ನಂಬಿಕೆ. ಆ ನಂಬಿಕೆಯ ಮೇಲೆ ನನ್ನ ಮನೆಯ ಕಾಯಿಪಲ್ಲೆ ಎಷ್ಟೋ ವರ್ಷದಿಂದ ನಡೆದಿದೆ. ಬೆಳಕು ಹರಿಯುವ ಹೊತ್ತಿಗೆ ಹೋಗಿ ಮೌಲಾಸಾಬನ ಅಂಗಡಿ ಮುಂದೆ ನಿಲ್ಲುತ್ತೇನೆ. ಅವನು ತಾಡಪತ್ರಿ ಹಾಸಿ ತಕ್ಕಡಿ ಇಡುವುದರೊಳಗೆ ನಾನು ಅರ್ಧ ಬೆಲೆ ಕೇಳುತ್ತೇನೆ. ಇಲ್ಲ ಅನ್ನಲಿಕ್ಕೆ ಅವನಿಗೆ ಧೈರ್ಯ ಇಲ್ಲ.

"ಆಯಿ, ನೀ ದಿನಾ ಬೋಣಿಗಿಗೆ ಬಂದ್ರ ನಾ ಹೆಂಗ ಬದಕಲಿ?" ಅನ್ನುತ್ತಾನೆ.

"ನಾ ಬರಲಿಲ್ಲಂದ್ರ ನೀ ದಿನಾ ಹೆಂಗ ಶುರು ಮಾಡ್ತಿ?" ಅನ್ನುತ್ತೇನೆ.

ನೋಟನ್ನು ಕಣ್ಣಿಗೆ ಒತ್ತಿ, ತಕ್ಕಡಿಗೆ ಮುಟ್ಟಿಸಿ, ಒಳಗೆ ಇಡುತ್ತಾನೆ. ಮನಸ್ಸಿನಲ್ಲಿ ಬೈಯುತ್ತಾನೆ. ಬೈಯಲಿ. ಆದರೆ ಆ ಬೆಲೆ ನನ್ನ ಬೆಲೆ. ನಾನು ಅಲ್ಲಿಂದ ಕದಲಿದ ಮೇಲೆ ಅದು ಸತ್ತಂತೆ. ಊರಿನ ಬೆಲೆ ಅಲ್ಲ ಅದು. ಇಷ್ಟು ಸಣ್ಣ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಹೊಳೆಯದೆ ಇದ್ದದ್ದು ಯಾಕೆ ಗೊತ್ತೇನು? ಖರೆ ಹೇಳುತ್ತೇನೆ. ಇಡೀ ಜಿಲ್ಲೆಗೆ ನನ್ನ ಜಾಣತನ ಕಾಣಲಿ ಅಂತ ನನಗೂ ಒಂದು ಚಟ ಇತ್ತು.

ನಮ್ಮ ಓಣಿಯಲ್ಲಿ ಯಾರು ಬಜಾರದಿಂದ ಬಂದರೂ ಚೀಲದೊಳಗೆ ಇಣುಕಿ "ಎಷ್ಟಕ್ಕ ತಂದಿ?" ಅಂತ ಕೇಳುವುದು ರೂಢಿ. ನಿಮ್ಮ ಓಣಿಯಲ್ಲೂ ಅದೇ, ನನಗೆ ಗೊತ್ತು. ತಂದವಳು ಏನು ಹೇಳುತ್ತಾಳೆ? ನಲವತ್ತಕ್ಕೆ ತಂದಿದ್ದರೆ ಮೂವತ್ತೈದು ಅನ್ನುತ್ತಾಳೆ. ಕೇಳಿದವಳಿಗೆ ಹೊಟ್ಟೆ ಉರಿಯಲಿ ಅಂತ. ಕೇಳಿದವಳು ಸುಮ್ಮನಿರುತ್ತಾಳೇನು? "ಅಯ್ಯ, ನಾ ಮೂವತ್ತಕ್ಕ ತಂದೆ" ಅನ್ನುತ್ತಾಳೆ. ಹೀಗೆ ಓಣಿ ದಾಟುವುದರೊಳಗೆ ಬದನೆಕಾಯಿ ಪುಕ್ಕಟೆಗೆ ಬಂದು ನಿಂತಿರುತ್ತದೆ. ಇದು ನಮ್ಮ ಜಾಯಮಾನ. ಓಣಿಯಲ್ಲಿ ನಡೆಯುತ್ತದೆ. ಅದನ್ನು ಫೋನಿಗೆ ಹಾಕಿದರೆ ಬೋನಾಳದಲ್ಲಿ ಒಬ್ಬಳ ಬುಟ್ಟಿ ಬಾಡುತ್ತದೆ.

ಸುರಪುರದ ಬಸ್‌ಸ್ಟ್ಯಾಂಡಿಗೆ ಮರಳಿ ಬರೋಣ. ತಪ್ಪು ನನ್ನದೇ ಅಂತ ಗೊತ್ತಾದ ಮೇಲೆ ನನಗೆ ಒಂದೇ ದಾರಿ ಕಂಡಿತು.

"ಆತು ಬಿಡವಾ," ಅಂದೆ. "ಇನ್ನ ನಾ ಹಾಕಂಗಿಲ್ಲ. ನಂದೂ ಉಪಕಾರ ಸಾಕು, ನಿಂದೂ ಶಾಪ ಸಾಕು."

ಬೆಲೆ ತಪ್ಪು ಹಾಕಿದ್ದಕ್ಕೆ ಬೈದದ್ದಕ್ಕಿಂತ ಎರಡು ಪಟ್ಟು ಬೈದಳು.

"ಬಿಡ್ತಾಳಂತ, ಭಾಳ ಶಾಣ್ಯಾಕಿ! ನೀ ಬಿಟ್ರ ನನಗ ಕಣ್ಣು ಬರ್ತಾವೇನು? ಮೊದಲ ಶಹಾಪುರದಿಂದ ಹತ್ತು ಮಂದಿ ಹಾಕ್ತಿದ್ರು. ಒಬ್ರು ಇಪ್ಪತ್ತು, ಒಬ್ರು ನಲವತ್ತು, ಒಬ್ರು ಮೂವತ್ತೈದು. ಯಾವಾಕಿ ಚೌಕಾಶಿ ಮಾಡ್ಯಾಳ, ಯಾವಾಕಿ ದುಡ್ಡ ಹೆಚ್ಚಾಗಿ ಕೊಟ್ಟಾಳ, ನನಗ ತಿಳೀತಿತ್ತು. ನಡುವಿಂದು ಹಿಡಕೊಂಡು ಬಸ್ ಹತ್ತತಿದ್ದೆ. ಈಗ ಎಲ್ಲಾರೂ ಬಿಟ್ಟಾರ. ನೀ ಒಬ್ಬಾಕೇ ಉಳದೀದಿ. ಒಬ್ಬಾಕಿ ಮಾತು ನಂಬಿ ನಾ ಕೆಟ್ಟೆ. ಈಗ ನೀನೂ ಬಿಡ್ತೀನಿ ಅಂತಿ!"

ಹೆಚ್ಚು ಸಾಲಿ ಕಲಿತವಳು ನಾನೂ ಅಲ್ಲ, ಅವಳೂ ಅಲ್ಲ. ಆದರೆ ಅವಳು ಹೇಳಿದ್ದನ್ನು ನಾನು ಮೂರು ದಿನ ಜಗಿದೆ. ಒಬ್ಬರು ಹಾಕಿದ ಬೆಲೆ ಒಬ್ಬ ಮುದುಕಿಯ ಚಟ. ಹತ್ತು ಮಂದಿ ಹಾಕಿದರೆ ಅದು ಊರಿನ ಬೆಲೆ. ಹತ್ತರಲ್ಲಿ ನನ್ನದೊಂದು ತಪ್ಪಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ, ಉಳಿದ ಒಂಬತ್ತು ಅದನ್ನು ನುಂಗಿಬಿಡುತ್ತಿದ್ದವು. ತಪ್ಪು ನನ್ನದು ಖರೆ. ಅದು ದೊಡ್ಡದಾಗಿದ್ದು ಮಾತ್ರ ಬಿಟ್ಟವರಿಂದ.

ಸಿಟ್ಟು ಇಳಿದ ಮೇಲೆ ಅವಳು ತನ್ನ ನಿಜವಾದ ಟೆನ್ಷನ್ ಹೇಳಿದಳು. ಆ ತುಂಡು ಹೊಲದಲ್ಲಿ ಕಾಯಿಪಲ್ಲೆ ಹಾಕಬೇಕು ಅಂತ ಗಂಡನ ಜೊತೆ ಜಗಳಾಡಿ ಗೆದ್ದವಳು ಅವಳು. ನೀರು ಕಟ್ಟುವುದು, ಕಳೆ ತೆಗೆಯುವುದು, ಕೊಯ್ಯುವುದು, ಮಾರುವುದು ಎಲ್ಲ ಅವಳೇ. ಗಂಡ ಹತ್ತಿಯ ಮನುಷ್ಯ.

"'ಈ ಬದನಿಗಿಡದಿಂದ ಏನಾರ ಬಂದ್ರ ಸೈ, ಇಲ್ಲಂದ್ರ ಮುಂಗಾರಿಗೆ ಕಿತ್ತು ಹತ್ತಿ ಹಾಕ್ತೀನಿ' ಅಂದಾನ. ಮೂರು ವಾರದಿಂದ ಬಾಡಿದ್ದು ಹೊತ್ತಗೊಂಡು ಮನಿಗೆ ಹೋಗಾಕತ್ತೀನಿ. ಎಮ್ಮಿಗೆ ಹಾಕೋ ಮುಂದ ಅಂವ ನೋಡಿ ನಗ್ತಾನ, ಆಯಿ. ಮಾತಾಡಂಗಿಲ್ಲ, ಬರೇ ನಗ್ತಾನ."

ಬೈದರೆ ತಿರುಗಿ ಬೈಯಬಹುದು. ಗಂಡ ನಕ್ಕರೆ ಏನು ಮಾಡಬೇಕು?

ಅವಳ ಬಸ್ಸು ಬಂತು. ಬುಟ್ಟಿ ಎತ್ತಿ ತಲೆ ಮೇಲೆ ಇಟ್ಟುಕೊಟ್ಟೆ. "ಹಾಕ್ತೀನಿ, ಸರಿಯಾಗಿ ಹಾಕ್ತೀನಿ. ಇನ್ನೂ ನಾಕು ಮಂದಿಗೆ ಹಾಕಸ್ತೀನಿ," ಅಂದೆ. "ನೋಡ್ತೀನಿ," ಅಂದಳು. ನಂಬಿದ ದನಿ ಅಲ್ಲ.

ಊರಿಗೆ ಬಂದವಳೇ ಯಾದಗಿರಿಯಲ್ಲಿರುವ ನನ್ನ ನಾದಿನಿಗೆ ಫೋನ್ ಹಚ್ಚಿದೆ. ಅವಳೂ ಮೊದಲು ಬೆಲೆ ಹಾಕುತ್ತಿದ್ದಳು. ಯಾಕೆ ಬಿಟ್ಟೆ ಅಂತ ಕೇಳಿದೆ.

"ಬೆಲಿ ಹಾಕಿದವರಿಗೆ ಮೊದಲಿಗೆ ರಿಚಾರ್ಜ್ ಹಾಕ್ತಿದ್ರು ವೈನಿ. ಈಗ ಬಂದ್ ಮಾಡ್ಯಾರ. ಅವರೂ ಬಂದ್, ನಾನೂ ಬಂದ್."

"ಊರ ಸುದ್ದಿ ಎಲ್ಲಾ ನನಗ ತಾಸಗಟ್ಟಲೆ ಹೇಳ್ತೀದಿ. ಅದಕ್ಕ ಯಾರ ರಿಚಾರ್ಜ್ ಹಾಕ್ತಾರ?"

ಅವಳು ದನಿ ತಗ್ಗಿಸಿ ಇನ್ನೊಂದು ಹೇಳಿದಳು. "ಹಂಗಲ್ಲ ವೈನಿ. ತೊಗರಿಬ್ಯಾಳಿ ಇಷ್ಟು ಕೊಟ್ಟು ಕೊಂಡೀವಿ ಅಂತ ಹಾಕಿದ್ರ, ಇವರ ಬಲ್ಲಿ ರೊಕ್ಕ ಅದ ಅಂತ ರೇಷನ್ ಕಾರ್ಡ್ ರದ್ದ ಮಾಡ್ತಾರಂತ. ಇಲ್ಲಿ ಎಲ್ಲಾರೂ ಹೇಳಾಕತ್ತಾರ."

ಎಲ್ಲಾರೂ ಅಂದರೆ ಯಾರು ಅಂತ ಕೇಳಿದೆ. ಪಕ್ಕದ ಮನೆಯವಳು. ಅವಳಿಗೆ ಯಾರು ಹೇಳಿದರು? ನಳದ ಹತ್ತಿರ ಯಾರೋ. ಆ ಯಾರೋ ಯಾರು? ಗೊತ್ತಿಲ್ಲ. ಕಿಲೋ ಬೇಳೆ ಕೊಂಡವರ ಕಾರ್ಡ್ ಕಿತ್ತುಕೊಳ್ಳುವುದಾದರೆ ಈ ಜಿಲ್ಲೆಯಲ್ಲಿ ಯಾರ ಕೈಯಲ್ಲಿ ಕಾರ್ಡ್ ಉಳಿಯುತ್ತದೆ ಹೇಳ್ರಿ? ನಾನು ಹೋದ ವರ್ಷದಿಂದ ಬೆಲೆ ಹಾಕುತ್ತಿದ್ದೇನೆ. ನನ್ನ ಕಾರ್ಡ್ ಡಬ್ಬಿಯಲ್ಲಿ ಹೇಗಿತ್ತೋ ಹಾಗೇ ಇದೆ. ಬೆಲೆ ಹಾಕಲು ಅಂಜುತ್ತೀರಿ, ಅಂಜಿಕೆ ಹಂಚಲು ಮಾತ್ರ ಯಾರೂ ರಿಚಾರ್ಜ್ ಕೇಳುವುದಿಲ್ಲ!

ಇನ್ನು ಶಹಾಪುರದ ಕೆಲಸ. ಮೊದಲು ನಮ್ಮ ಮಾಳಿಗೆ ಮೇಲಿನ ಬಾಡಿಗೆ ಮನೆಯ ಟೀಚರಮ್ಮನನ್ನು ಹಿಡಿದೆ. ಒಳ್ಳೆಯ ಹೆಣ್ಣುಮಗಳು. ಒಂದೇ ಕೊರತೆ, ಚೌಕಾಶಿ ಮಾಡಲು ಬರುವುದಿಲ್ಲ. ಮಾರುವವನು ನಲವತ್ತು ಅಂದರೆ ನಲವತ್ತು ಕೊಟ್ಟು ಮೇಲೆ ಥ್ಯಾಂಕ್ಸ್ ಬೇರೆ ಹೇಳಿ ಬರುತ್ತಾಳೆ. ಅವಳಿಗಾಗಿ ಎಷ್ಟು ದಿನ ಹೊಟ್ಟೆ ಉರಿದುಕೊಂಡಿದ್ದೇನೋ. ಈಗ ಅದೇ ಕೊರತೆ ಕೆಲಸಕ್ಕೆ ಬಂತು. ಅವಳು ಕೊಟ್ಟದ್ದು ಅಂದರೆ ಮಾರುವವನು ಬಾಯಿಬಿಟ್ಟು ಕೇಳಿದ ಬೆಲೆ, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆ ಇಲ್ಲ.

ಆಮೇಲೆ ಎದುರುಮನೆಯ ರಹಮತ್‌ಬೀ. ಸಂಜೆ ಹೊತ್ತು ಬಜ್ಜಿ ಮಾರುತ್ತಾಳೆ. ಮರುದಿನದ ಬಜ್ಜಿಗೆ ಬದನೆಕಾಯಿ ಕೊಳ್ಳುವುದು ಹೊತ್ತು ಮುಳುಗುವಾಗ. ಉಳಿದದ್ದನ್ನು ಹೊತ್ತುಕೊಂಡು ಹೋಗಲು ಬೇಸತ್ತವರು ಇಪ್ಪತ್ತೈದಕ್ಕೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಮೊದಲ ದಿನ ಮೂವರೂ ನಮ್ಮ ಕಟ್ಟೆ ಮೇಲೆ ಕೂತು ಫೋನ್ ತೆಗೆದೆವು. ಒಂದೇ ಊರು, ಒಂದೇ ಬಜಾರ, ಒಂದೇ ದಿನ. ಇಪ್ಪತ್ತು, ನಲವತ್ತು, ಇಪ್ಪತ್ತೈದು.

"ನಿಂದು ಬೋಣಿಗಿ, ಅದು ಖೋಟಾ," ಅಂದಳು ರಹಮತ್‌ಬೀ.

"ನಿಂದು ಬಾಡಿದ್ದು, ಅದೇನ ಅಸಲಿ?"

"ಅಮ್ಮಾ, ಹಾಗಾದ್ರೆ ನನ್ನದೇ ಸರಿ ಅಲ್ವಾ?" ಅಂದಳು ಟೀಚರಮ್ಮ.

"ನಿಂದು ಭೋಳೆತನ!" ಅಂದೆವು ನಾವಿಬ್ಬರೂ ಒಟ್ಟಿಗೆ.

ಕಡೆಗೆ ಟೀಚರಮ್ಮನೇ ತೀರ್ಪು ಕೊಟ್ಟಳು. ಮೂರೂ ಖರೆ, ಮೂರನ್ನೂ ಹಾಕಬೇಕು, ಆದರೆ ಎಷ್ಟು ಹೊತ್ತಿಗೆ ಕೊಂಡದ್ದು ಅಂತ ಜೊತೆಗೆ ಹೇಳಬೇಕು. ಕೆಳಗೆ ಬರೆಯಲಿಕ್ಕೆ ಒಂದು ಖಾಲಿ ಜಾಗ ಇದೆಯಂತೆ. ಇಷ್ಟು ದಿನ ನಾನು ಅದನ್ನು ನೋಡಿಯೇ ಇರಲಿಲ್ಲ. ಅಂಕಿ ಮುಗಿದ ಕೂಡಲೇ ಫೋನ್ ಮುಚ್ಚಿ ಇಡುತ್ತಿದ್ದೆ. ಈಗ ನಾನು ಅಲ್ಲಿ 'ಬೋಣಿಗಿ' ಅಂತ ಬರೆಯುತ್ತೇನೆ. ಮೂರೇ ಅಕ್ಷರ, ಬರೆಯಲು ಮೂರು ನಿಮಿಷ. ಆಗಲಿ. ಬೋಣಿಗಿ ಹಾಕಿ ಮನೆಗೆ ಓಡಿಬರುವುದಿಲ್ಲ, ಹತ್ತು ಗಂಟೆಗೆ ಇನ್ನೊಂದು ಸುತ್ತು ಹೋಗಿ ಆಗಿನ ಬೆಲೆಯನ್ನೂ ಹಾಕುತ್ತೇನೆ. (ಬೋಣಿಗಿ ಬಿಟ್ಟೆನೇನು ಅಂತ ಕೇಳಬೇಡಿ. ಬಿಟ್ಟಿಲ್ಲ. ತಪ್ಪಿದ್ದು ಹಾಕಿದ್ದರಲ್ಲಿ, ಕೊಂಡದ್ದರಲ್ಲಲ್ಲ.)

ಈ ಗದ್ದಲ ಮೌಲಾಸಾಬನ ಕಿವಿಗೆ ಬೀಳದೆ ಇರುತ್ತದೇನು?

"ಆಯಿ! ಅದು ನೀನಾ?" ಅಂದ. "ಗಿರಾಕಿಗಳು ಮಧ್ಯಾಹ್ನ ಹನ್ನೆರಡಕ್ಕ ಬಂದು ಮಾರಿ ಮುಂದ ಫೋನ್ ಹಿಡಿತಾರ. 'ಇಪ್ಪತ್ತು ಅಂತ ಬಂದದ, ಇಪ್ಪತ್ತಕ್ಕ ಕೊಡು' ಅಂತಾರ. ಯಾವ ಶೈತಾನ ಹಾಕ್ಯಾನ ಅಂತ ನಾ ತಿಂಗಳಿಂದ ಹುಡಕಾಕತ್ತೀನಿ!"

"ಸಿಕ್ತಲ್ಲ ಈಗ. ಒಂದು ಕಿಲೋ ತೂಗು."

"ಇನ್ನ ನಂದೂ ಹಾಕ್ರಿ. ನಾ ಏನು ಕೊಟ್ಟು ತಂದೀನಿ, ಅದೂ ಮಂದಿಗೆ ಕಾಣಲಿ."

"ನಿನಗೇನು ಕೈ ಇಲ್ಲೇನು? ನೀನ ಹಾಕು."

ಈಗ ಹಾಕುತ್ತಾನೆ. ಎಲ್ಲ ಖರೆ ಹಾಕುತ್ತಾನೆ ಅಂತ ನಾನು ಜಾಮೀನು ಕೊಡುವುದಿಲ್ಲ. ಆದರೆ ಅವನು ಹಾಕಿದ್ದಕ್ಕೆ ಇತ್ತ ಟೀಚರಮ್ಮ ಇದ್ದಾಳೆ, ಅತ್ತ ರಹಮತ್‌ಬೀ ಇದ್ದಾಳೆ. ಒಬ್ಬರ ಸುಳ್ಳು ಎಷ್ಟು ದೂರ ಹೋದೀತು?

ಸೊಸೆಯೂ ಸೇರಿ ಐದು ಮಂದಿ ಆದೆವು. ಹೀಗೆ ಒಂದು ವಾರ ಹಾಕಿದೆವು. ಬೋನಾಳದಿಂದ ಏನೂ ಸುದ್ದಿ ಇಲ್ಲ. ನನಗೇನು ಚಡಪಡಿಕೆ ಅಂತ ನಾನು ಯಾರಿಗೂ ಹೇಳಲಿಲ್ಲ. ಆದರೆ ಹತ್ತರ ಸುತ್ತಿಗೆ ಹೋದಾಗ ಕಣ್ಣು ತಾನಾಗಿಯೇ ಬಸ್‌ಸ್ಟ್ಯಾಂಡಿನ ದಾರಿ ಕಡೆ ಹೋಗುತ್ತಿತ್ತು.

ಮೊನ್ನೆ ಬಜಾರದ ಮೂಲೆಯಲ್ಲಿ ಹೊಸ ರಾಶಿ ಕಂಡಿತು. ಬದನೆಕಾಯಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು, ತೊಟ್ಟು ಇನ್ನೂ ಹಸಿರು. ಹಿಂದೆ ದ್ಯಾವಮ್ಮ! ಬುಟ್ಟಿ ಆಗಲೇ ಅರ್ಧ ಖಾಲಿ. ಅವಳು ನನ್ನ ಮುಖ ನೋಡಲಿಲ್ಲ, ಮೊದಲು ಚೀಲ ನೋಡಿದಳು.

"ಬಾ ಆಯಿ. ನಿನ್ನಿ ಸಂಜಿಗೆ ನೋಡಿದೆ. ಐದು ಮಂದಿ ಹಾಕೀರಿ. ಬೋಣಿಗಿ ಬ್ಯಾರೆ, ಸಂಜಿದು ಬ್ಯಾರೆ. ನಡುವಿಂದು ಹಿಡಕೊಂಡು ಬಂದೆ."

ನಾನು ಚೀಲ ಬಿಚ್ಚಿದೆ. "ಒಂದು ಕಿಲೋ ಹಾಕು. ಇಪ್ಪತ್ತು ಕೊಡ್ತೀನಿ."

"ಬೋಣಿಗಿ ಮುಂಜಾನೀನ ಆಗ್ಯದ," ಅಂದಳು. "ಈಗ ನಲವತ್ತು. ನೀನ ಹಾಕೀದಿ ಆಯಿ ಫೋನಿನ್ಯಾಗ, 'ಹತ್ತು ಗಂಟೆಗೆ ನಲವತ್ತು' ಅಂತ. ನೋಡ್ತಿಯೇನು? ತೋರಸ್ಲೇನು?"

ನನ್ನ ಅಂಕಿಯನ್ನು ನನಗೇ ತೋರಿಸುತ್ತಾಳಂತೆ!

ನಲವತ್ತು ಕೊಟ್ಟೆ. ಬಜಾರದಲ್ಲಿ ಬಾಯಿ ಮುಚ್ಚಿಕೊಂಡು ಕೇಳಿದಷ್ಟು ಕೊಟ್ಟದ್ದು ಬುದ್ಧಿ ಬಂದ ಮೇಲೆ ಇದೇ ಮೊದಲು. ಆಚೆ ಕಡೆಯಿಂದ ಮೌಲಾಸಾಬ ಚಪ್ಪಾಳೆ ತಟ್ಟಿದ. ಹನ್ನೊಂದು ಗಂಟೆಗೆ ಅವಳ ಬುಟ್ಟಿ ಬೋರಲು ಬಿತ್ತು. ತಳ ಬಡಿದು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿನ್ನ ಗಂಡ ಇನ್ನೂ ನಗ್ತಾನೇನು?" ಅಂತ ಕೇಳಿದೆ.

"ಇವತ್ತ ಖಾಲಿ ಬುಟ್ಟಿ ನೋಡಿ ಏನು ಮಾಡ್ತಾನ ನೋಡಬೇಕು. ಹತ್ತಿ ಮಾತು ಇನ್ನೂ ಬಿಟ್ಟಿಲ್ಲ ಅಂವ. ಮುಂಗಾರಿ ತನಕ ನೋಡ್ತೀನಿ ಅಂದಾನ." ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡಳು. "ಆಯಿ, ಒಂದು ವಾರ ಹಾಕಿ ಬಿಡಬ್ಯಾಡ್ರಿ ಮತ್ತ. ದಿನಾ ಹಾಕ್ರಿ."

ನಾವು ಐದು ಮಂದಿ ಹಾಕುತ್ತೇವೆ. ಐದು ಸಾಲುವುದಿಲ್ಲ. ನಿಮ್ಮ ಕೈಯಲ್ಲೂ ಫೋನ್ ಇದೆ, ಬೆಳಗಿನಿಂದ ಸಂಜೆ ತನಕ ಉಜ್ಜುತ್ತಲೇ ಇರುತ್ತೀರಿ. ಬಜಾರದಿಂದ ಬಂದು ಚೀಲ ಕೆಳಗೆ ಇಟ್ಟ ಕೂಡಲೇ ಒಂದು ಅಂಕಿ ಒತ್ತಿದರೆ ಬೆರಳು ಸವೆಯುತ್ತದೇನು? ಕಡಿಮೆ ಕೊಟ್ಟಿದ್ದರೆ ಕಡಿಮೆ ಹಾಕಿ, ಹೆಚ್ಚು ಕೊಟ್ಟು ಮೋಸ ಹೋಗಿದ್ದರೆ ಅದನ್ನೂ ಹಾಕಿ. ನಾಚಿಕೆ ಬೇಡ, ಟೀಚರಮ್ಮ ದಿನಾ ಹಾಕುತ್ತಾಳೆ.

ಇಲ್ಲ, ನಮಗೆ ಪುರುಸೊತ್ತಿಲ್ಲ ಅಂತೀರಾ? ಆಗಲಿ, ಮುಂಗಾರಿಗೆ ದ್ಯಾವಮ್ಮನ ಗಂಡ ಹತ್ತಿ ಹಾಕಲಿ. ಆಮೇಲೆ ಜೋಳದ ರೊಟ್ಟಿ ಜೊತೆಗೆ ಹತ್ತಿಕಾಯಿಯ ಎಣಗಾಯಿ ಮಾಡಿಕೊಂಡು ತಿಂತೀರೇನು?